ಕಾರಿನ ಪಾಲಿಶ್: ಮನೆಯಂಗಳದಲ್ಲೋ, ಕಸುಬಿನವರ ಕೈಯಲ್ಲೋ?

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದಲ್ಲಿ ನೆಲೆಸಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಆರು ವರ್ಷ ಹಳೆಯದಾದ, ಕಡುನೀಲಿ ಬಣ್ಣದ ಸಣ್ಣ ಕಾರೊಂದು ನಮ್ಮಲ್ಲಿದೆ. ಶೆಡ್ ಇಲ್ಲದ ಕಾರಣ ಅದು ವರ್ಷವಿಡೀ ಅಂಗಳದ ಕಾಡುಬಾದಾಮಿ ಮರದ ಕೆಳಗೇ ನಿಲ್ಲುತ್ತದೆ. ಪ್ರತಿದಿನ ಬೆಳಿಗ್ಗೆ ನಾನೇ ಬಟ್ಟೆಯಿಂದ ಒರೆಸುತ್ತೇನೆ. ಆದರೂ ಬಿಸಿಲು ಬಿದ್ದಾಗ ಬಾನೆಟ್ಟಿನ ಮೇಲೆ ಜೇಡರ ಬಲೆಯಂತಹ ಸುತ್ತುಗೀರುಗಳು ಎದ್ದು ಕಾಣುತ್ತವೆ. ಎಡಗಡೆಯ ಹಿಂಬಾಗಿಲಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಒಂದು ಗೆರೆಯೂ ಇದೆ. ಕಳೆದ ಎರಡು ವರ್ಷ ಆಯುಧಪೂಜೆಗೆ ಮುಂಚೆ ಊರಿನ ವಾಷಿಂಗ್ ಸೆಂಟರ್ ಒಂದರಲ್ಲಿ ರಬ್ಬಿಂಗ್ ಪಾಲಿಶ್ ಮಾಡಿಸಿದ್ದೆ. ದೀಪಾವಳಿ ಮುಗಿಯುವಷ್ಟರಲ್ಲಿ ಗೀರುಗಳು ಮರಳಿ ಬಂದಿದ್ದವು. ಈಗ ಮಗ ಪಾಲಿಶ್ ಯಂತ್ರ ತರಿಸಿ ತಾನೇ ಮಾಡುತ್ತೇನೆ ಎನ್ನುತ್ತಿದ್ದಾನೆ. ಕಾರಿನ ಮೈಗೆ ಹೊಳಪು ಕೊಡುವ ಹುಬ್ಬಳ್ಳಿಯ ಡೀಟೇಲಿಂಗ್ ಅಂಗಡಿಯವರು 9,000 ರೂಪಾಯಿ ಕೇಳಿದ್ದಾರೆ. ಯಾವ ದಾರಿ ಹಿಡಿಯಲಿ?

ಉತ್ತರ: ಮಾಸ್ತರರೇ, ತಾವು ನಡುವೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿರುವ ಸಂಗತಿಯೇ ನನ್ನ ಉತ್ತರವನ್ನು ನಿರ್ಧರಿಸಿದೆ: ತಮ್ಮ ಕಾರಿಗೆ ಈಗಾಗಲೇ ಎರಡು ಸಲ ರಬ್ಬಿಂಗ್ ಆಗಿದೆ. ಆದ್ದರಿಂದ ಈ ಸಲ ಕಸುಬು ಬಲ್ಲವರ ಬಳಿಗೆ ಹೋಗಿ, ಮತ್ತು ಅಲ್ಲಿ ಮೊದಲು ಪಾಲಿಶ್ ಮಾಡಿಸದೆ ಅಳತೆ ಮಾಡಿಸಿ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ಪಾಲಿಶ್ ಎಂದರೆ ಹೊಳಪನ್ನು ಬಳಿಯುವ ಕೆಲಸ ಎಂದು ನಮ್ಮಲ್ಲಿ ಬಹುಪಾಲು ಜನರ ತಿಳಿವಳಿಕೆ. ಅದು ಕೆರೆಯುವ ಕೆಲಸ. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಹಿತ್ತಾಳೆಯ ಕೊಡಪಾನವೊಂದಿದೆ. ಅದರ ಕಂಠದ ಕೆಳಗೆ ಅವಳ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಲಾಗಿತ್ತು. ಐವತ್ತು ವರ್ಷ ಹಬ್ಬ ಹಬ್ಬಕ್ಕೂ ಹುಣಸೆಹಣ್ಣು, ಬೂದಿ, ಹೊಯ್ಗೆ ಹಾಕಿ ತಿಕ್ಕಿದ ಮೇಲೆ ಈಗ ಕೊಡಪಾನ ಫಳಫಳ ಹೊಳೆಯುತ್ತದೆ, ಹೆಸರಿನ ಕೊನೆಯ ಎರಡು ಅಕ್ಷರಗಳು ಮಾತ್ರ ಬೆರಳಿಗೂ ಸಿಗುವುದಿಲ್ಲ. ಕೊಡಪಾನದ ಹಿತ್ತಾಳೆ ದಪ್ಪವಿರುವುದರಿಂದ ಅದು ಇನ್ನೂ ಐವತ್ತು ವರ್ಷ ಬಾಳೀತು. ಕಾರಿನ ಬಣ್ಣಕ್ಕೆ ಆ ಸೌಕರ್ಯವಿಲ್ಲ.

ತಗಡಿನ ಮೇಲೆ ತುಕ್ಕು ತಡೆಯುವ ಒಂದು ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ನಾವು ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ, ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್: ಇವೆಲ್ಲ ಸೇರಿ ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಹೊಳಪು ಕೊಡುವ ಕ್ಲಿಯರ್ ಕೋಟ್ ಒಂದೇ ಲೆಕ್ಕಕ್ಕೆ ತೆಗೆದುಕೊಂಡರೆ ಸುಮಾರು 35ರಿಂದ 50 ಮೈಕ್ರಾನ್. ನಮ್ಮ ತಲೆಗೂದಲು ಅದಕ್ಕಿಂತ ದಪ್ಪ. ಗೀರು ಹೋಯಿತು ಎಂದರೆ ಗೀರಿನ ತಳದ ಮಟ್ಟಕ್ಕೆ ಸುತ್ತಲಿನ ಕ್ಲಿಯರ್ ಕೋಟನ್ನೂ ತಗ್ಗಿಸಲಾಯಿತು ಎಂದೇ ಅರ್ಥ. ನಯವಾದ ಫಿನಿಶಿಂಗ್ ಪಾಲಿಶ್ ಒಂದೆರಡು ಮೈಕ್ರಾನಿನಷ್ಟು ತೆಗೆದು ನಿಲ್ಲುತ್ತದೆ, ಆದರೆ ಒರಟು ಕಾಂಪೌಂಡ್, ಅಂದರೆ ಕೆರೆಯುವ ಕಣಗಳ ಲೇಹ, ಸುರಿದು ಉಣ್ಣೆಯ ಪ್ಯಾಡಿನಿಂದ ತಿಕ್ಕಿದರೆ ಅದರ ಹಲವು ಪಟ್ಟು ಹೋಗುತ್ತದೆ, ಮತ್ತು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ರಬ್ಬಿಂಗ್ ಎಂಬ ಹೆಸರಿನಲ್ಲಿ ನಡೆಯುವುದು ಬಹುತೇಕ ಈ ಎರಡನೆಯದೇ. ಎರಡು ಆಯುಧಪೂಜೆಗಳಲ್ಲಿ ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂಬುದು ತಮಗೂ ತಿಳಿಯದು, ಯಂತ್ರ ಹಿಡಿಯಲು ಸಿದ್ಧನಾಗಿರುವ ಮಗನಿಗೂ ತಿಳಿಯದು, ಕಣ್ಣಿಗಂತೂ ಕಾಣದು.

ಇನ್ನು ಗೀರುಗಳು ಮರಳಿ ಬಂದ ವಿಚಾರ. ಅವು ಮರಳಿ ಬಂದವು ಎನ್ನುವುದಕ್ಕಿಂತ ಹೋಗಿಯೇ ಇರಲಿಲ್ಲ ಎನ್ನುವ ಸಂಶಯವೇ ನನಗೆ ಹೆಚ್ಚು. ಅಗ್ಗದ ಪಾಲಿಶ್ ದ್ರವಗಳಲ್ಲಿ ಎಣ್ಣೆಯ ಅಂಶವೂ ಗೀರನ್ನು ತುಂಬುವ ಪದಾರ್ಥವೂ ಇರುತ್ತವೆ. ಅವು ಗೀರಿನೊಳಗೆ ಕೂತು ಅದನ್ನು ಮರೆಮಾಡುತ್ತವೆ, ನಾಲ್ಕಾರು ತೊಳೆತಕ್ಕೆ ಕರಗಿ ಹೋಗುತ್ತವೆ. ಹಣ ಕೊಡುವ ಮುನ್ನ ಬಾನೆಟ್ಟಿನ ಒಂದು ಮೂಲೆಯನ್ನು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ತೋರಿಸಿ ಎಂದು ಕೇಳಿದರೆ ಬಣ್ಣ ಬಯಲಾಗುತ್ತದೆ. ಬಲ್ಲವರಾದರೆ ತಾವು ಕೇಳುವ ಮೊದಲೇ ಒರೆಸಿ ತೋರಿಸುತ್ತಾರೆ.

ಈ ಗೀರುಗಳು ನಿಜಕ್ಕೂ ಸುತ್ತಾಗಿಲ್ಲ ಎನ್ನುವುದೂ ಗಮನಿಸತಕ್ಕ ಸಂಗತಿ. ಇಂದು ಸಂಜೆ ಕತ್ತಲಾದ ಮೇಲೆ ಮೊಬೈಲಿನ ಟಾರ್ಚ್ ಹಚ್ಚಿ ಬಾನೆಟ್ಟಿನ ಮೇಲೆ ನಿಧಾನವಾಗಿ ಸರಿಸಿ ನೋಡಿ. ಬೆಳಕು ಎಲ್ಲಿ ಹೋದರೂ ವೃತ್ತಗಳು ಅದರ ಸುತ್ತಲೇ ಹಿಂಬಾಲಿಸಿಕೊಂಡು ಬರುತ್ತವೆ. ದಿಕ್ಕಾಪಾಲಾಗಿ ಹರಡಿರುವ ಸಾವಿರಾರು ಸಣ್ಣ ಗೆರೆಗಳಲ್ಲಿ ಬೆಳಕಿಗೆ ಅಡ್ಡವಾಗಿರುವವು ಮಾತ್ರ ಮಿನುಗುವುದರಿಂದ ಹಾಗೆ ಕಾಣುತ್ತದೆ. ಉಣ್ಣುವ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದರೂ ಇದೇ ಆಟ ಕಾಣುತ್ತದೆ. ಆ ಸಾವಿರಾರು ಗೆರೆಗಳನ್ನು ಎಳೆದವರು ಯಾರು ಎಂದರೆ, ತಪ್ಪು ತಿಳಿಯಬಾರದು, ಪ್ರತಿದಿನ ಬೆಳಿಗ್ಗೆ ಬಟ್ಟೆ ಹಿಡಿಯುವ ತಾವೇ. ಕೋಡಿಬಾಗದಲ್ಲಿ ಬೀಸುವ ಕಡಲಗಾಳಿಯಲ್ಲಿ ಉಪ್ಪಿನಂಶವಿರುತ್ತದೆ. ಆ ಉಪ್ಪು ಗಾಳಿಯ ತೇವವನ್ನು ಹೀರಿ ಬೆಳಗಿನ ಹೊತ್ತಿಗೆ ಕಾರಿನ ಮೈಮೇಲೆ ಅಂಟುಅಂಟಾಗಿ ಕೂತಿರುತ್ತದೆ, ಅದಕ್ಕೆ ಕಡಲದಂಡೆಯ ಹೊಯ್ಗೆಯ ಕಣವೂ ಹೆದ್ದಾರಿಯ ಕೆಂಪು ಧೂಳೂ ಮೆತ್ತಿಕೊಂಡಿರುತ್ತವೆ. ಹೊಯ್ಗೆಯ ಕಣ ಕ್ಲಿಯರ್ ಕೋಟಿಗಿಂತ ಎಷ್ಟೋ ಗಡುಸು. ಅದರ ಮೇಲೆ ಬಟ್ಟೆ ಎಳೆಯುವುದೆಂದರೆ ಸ್ಯಾಂಡ್ ಪೇಪರನ್ನು ಮೆಲ್ಲಗೆ ಎಳೆದಂತೆ. ಮೊದಲು ನೀರು ಹೊಯ್ದು ಉಪ್ಪು, ಹೊಯ್ಗೆ ಎರಡನ್ನೂ ಇಳಿಸಿ, ಆಮೇಲೆ ಮೈಕ್ರೊಫೈಬರ್ ಬಟ್ಟೆ ಮುಟ್ಟಿಸಬೇಕು. ನೀರಿಗೆ ತಾಪತ್ರಯವಿರುವ ದಿನ ಒರೆಸದೆ ಬಿಡುವುದೇ ಮೇಲು. ಈ ಒಂದು ರೂಢಿ ಬದಲಾಗದಿದ್ದರೆ ಹುಬ್ಬಳ್ಳಿಯವರ ಒಂಬತ್ತು ಸಾವಿರವೂ ಮುಂದಿನ ಯುಗಾದಿಯವರೆಗೆ ಬಾಳುವುದಿಲ್ಲ.

ಅಂಗಡಿಯಲ್ಲಿ ಏನು ಕೇಳಬೇಕು ಎಂಬುದನ್ನು ಹೇಳುತ್ತೇನೆ. ಬಣ್ಣದ ದಪ್ಪ ಅಳೆಯುವ ಗೇಜ್ ಅವರ ಬಳಿ ಇದೆಯೇ ಎಂದು ಫೋನಿನಲ್ಲೇ ವಿಚಾರಿಸಿ. ಇಲ್ಲವೆಂದರೆ ಅರಬೈಲ್ ಘಟ್ಟ ಹತ್ತುವ ಶ್ರಮ ಬೇಡ, ಮಡಗಾಂವಿನ ಕಡೆ ವಿಚಾರಿಸಬಹುದು, ತಮಗೆ ಅದು ಹುಬ್ಬಳ್ಳಿಯ ಅರ್ಧ ದೂರವೂ ಆಗದು. ಗೇಜ್ ತೋರಿಸುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನು, ಹೀಗಾಗಿ ಒಂದೇ ಅಂಕಿಯಿಂದ ಏನೂ ತಿಳಿಯದು. ಟಾಪ್, ಬಾನೆಟ್, ಬಾಗಿಲು ಹೀಗೆ ಬೇರೆ ಬೇರೆ ಕಡೆ ಇಟ್ಟು ಹೋಲಿಸಬೇಕು. ಟಾಪಿನ ಮೇಲೆ 115 ಬಂದು ಬಾನೆಟ್ಟಿನ ಮೇಲೆ 85 ಬಂದರೆ ಬಾನೆಟ್ಟಿನ ಕಥೆ ಮುಗಿಯಿತೆಂದೇ ತಿಳಿದು ಅಲ್ಲಿ ಗಡುಸಾದ ಕಾಂಪೌಂಡ್ ಮುಟ್ಟಿಸಕೂಡದು, ನಯವಾದ ಪಾಲಿಶ್ ಕೊಟ್ಟು ವ್ಯಾಕ್ಸ್ ಹಚ್ಚಿ ಉಳಿದ ಗೀರುಗಳೊಂದಿಗೆ ಬಾಳುವುದೇ ಜಾಣತನ. ಎಲ್ಲೋ ಒಂದು ಕಡೆ 200 ದಾಟಿದರೆ ಆ ಭಾಗಕ್ಕೆ ಹಿಂದೆಂದೋ ಪೇಂಟ್ ಆಗಿದೆ ಎಂದರ್ಥ. ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಗೇಜ್ ಕೆಲಸ ಮಾಡುವುದಿಲ್ಲ, ಅಲ್ಲಿ ಅನುಭವವೇ ಪ್ರಮಾಣ. ಇಷ್ಟಾದ ಮೇಲೆ, ಇಡೀ ಕಾರಿಗೆ ಕೈ ಹಾಕುವ ಮುನ್ನ ಎರಡಡಿ ಚದರ ಜಾಗದಲ್ಲಿ ಮಾಡಿ ತೋರಿಸಲು ಹೇಳಿ. ಹಿಂಬಾಗಿಲಿನ ಆ ಉದ್ದ ಗೆರೆಯನ್ನು ಮಾತ್ರ ಯಾರೂ ಪಾಲಿಶ್ ಮಾಡಿ ತೆಗೆಯದಂತೆ ನೋಡಿಕೊಳ್ಳಿ. ಉಗುರು ಸಿಕ್ಕುವ ಗೆರೆ ಸಾಮಾನ್ಯವಾಗಿ ಕ್ಲಿಯರ್ ಕೋಟಿನ ತಳ ಮುಟ್ಟಿರುತ್ತದೆ ಅಥವಾ ದಾಟಿರುತ್ತದೆ, ಅದಕ್ಕೆ ಟಚ್-ಅಪ್ ಪೇಂಟ್ ತುಂಬುವುದು ಅಥವಾ ಬಾಗಿಲಿಗೇ ಪೇಂಟ್ ಮಾಡಿಸುವುದು, ಎರಡೇ ದಾರಿ.

ಮಗನ ಉತ್ಸಾಹಕ್ಕೆ ತಣ್ಣೀರು ಎರಚಬೇಕೆಂಬ ಉದ್ದೇಶ ನನ್ನದಲ್ಲ. ಅಳತೆಯಲ್ಲಿ ಬಣ್ಣ ಚೆನ್ನಾಗಿ ಉಳಿದಿದೆ ಎಂದು ಗೊತ್ತಾದರೆ ಮುಂದಿನ ವರ್ಷಗಳಲ್ಲಿ ಸಣ್ಣಪುಟ್ಟ ಕೆಲಸವನ್ನು ಅವನೇ ಮಾಡಬಹುದು. ಆದರೆ ಯಂತ್ರದ ಆಯ್ಕೆಯಲ್ಲಿ ಎಡವಬಾರದು. ರೋಟರಿ ಎನ್ನುವುದು ಒಂದೇ ಅಕ್ಷದ ಮೇಲೆ ಗರಗರ ತಿರುಗುವ ಯಂತ್ರ. ಅದು ಒಂದೇ ಜಾಗದಲ್ಲಿ ಶಾಖವನ್ನು ಕೂಡಿಹಾಕುತ್ತದೆ, ಪಳಗದ ಕೈಯಲ್ಲಿ ಬಣ್ಣವನ್ನು ಸುಡುತ್ತದೆ, ಸುಡದಿದ್ದರೂ ಬಿಸಿಲಿನಲ್ಲಿ ಕಾಣುವ ಅಲೆಅಲೆಯಾದ ಗುರುತು ಬಿಡುತ್ತದೆ. ಡ್ಯುಯಲ್ ಆ್ಯಕ್ಷನ್ ಯಂತ್ರದ ಪ್ಯಾಡ್ ತನ್ನಷ್ಟಕ್ಕೆ ತಿರುಗುತ್ತಲೇ ಅತ್ತಿತ್ತ ಓಲಾಡುತ್ತದೆ, ಬಲವಾಗಿ ಒತ್ತಿದರೆ ತಿರುಗುವುದನ್ನೇ ನಿಲ್ಲಿಸುತ್ತದೆ. ಕೆಲಸ ನಿಧಾನ, ಅಪಾಯ ಕಡಿಮೆ. ಮನೆಯವರಿಗೆ ಇದೇ ಸರಿ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ಹಣ ಉಳಿಸುವ ಹುಮ್ಮಸ್ಸಿನಲ್ಲಿ, ಟೈಲ್ಸ್ ಕತ್ತರಿಸುವ ಆ್ಯಂಗಲ್ ಗ್ರೈಂಡರಿಗೇ ಉಣ್ಣೆಯ ಪ್ಯಾಡ್ ಸಿಕ್ಕಿಸಿಕೊಂಡು ನನ್ನ ಕೆಂಪು ಕಾರಿನ ಮುಂಬಾಗಿಲಿಗೆ ಹಿಡಿದಿದ್ದೆ. ಪಾಲಿಶ್ ಯಂತ್ರಗಳು ನಿಮಿಷಕ್ಕೆ ಹೆಚ್ಚೆಂದರೆ ಮೂರು ಸಾವಿರ ಸುತ್ತು ತಿರುಗುವಲ್ಲಿ ಈ ಗ್ರೈಂಡರ್ ಹತ್ತು ಸಾವಿರ ಮೀರುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಬಾಗಿಲಿನ ನಡುವೆ ಉದ್ದಕ್ಕೆ ಓಡುವ ಏಣಿನ ಮೇಲೆ ಅದು ಹಾಯ್ದದ್ದು ಎರಡು ಕ್ಷಣ ಇರಬಹುದು. ಬಿಳಿಯ ಪ್ಯಾಡಿನ ಅಂಚು ಕೆಂಪಾಗಿದ್ದನ್ನು ಕಂಡು ಬಟ್ಟೆಯ ಬಣ್ಣ ಹತ್ತಿತೇನೋ ಎಂದುಕೊಂಡೆ; ಒರೆಸಿ ನೋಡಿದರೆ ಏಣಿನ ಮೇಲೆ ಗೇಣುದ್ದದ ಬೂದು ಪಟ್ಟೆ, ಪ್ರೈಮರಿನದು. ಪಾಲಿಶಿಗೆ ಆಗಬಹುದಾಗಿದ್ದ ವೆಚ್ಚದ ಮೂರು ಪಟ್ಟು ಪೇಂಟಿಗೆ ಹೋಯಿತು. ಏಣು, ಅಂಚು, ಮೂಲೆಗಳಲ್ಲಿ ಕ್ಲಿಯರ್ ಕೋಟ್ ತೆಳ್ಳಗಿರುತ್ತದೆ, ಅಲ್ಲಿ ಪ್ಯಾಡ್ ಒತ್ತಡವೂ ಒಂದೇ ಗೆರೆಯ ಮೇಲೆ ಬೀಳುತ್ತದೆ. ಅದಕ್ಕಾಗಿಯೇ ಬಲ್ಲವರು ಅಲ್ಲೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡು ಕೆಲಸ ಶುರುಮಾಡುತ್ತಾರೆ.

ಹಣದ ಲೆಕ್ಕವನ್ನೂ ನೋಡಿ. ತಕ್ಕಮಟ್ಟಿನ ಡ್ಯುಯಲ್ ಆ್ಯಕ್ಷನ್ ಯಂತ್ರ, ನಾಲ್ಕಾರು ಫೋಮ್ ಪ್ಯಾಡ್, ಅಂಟಿದ ಕೊಳೆಯನ್ನು ಎತ್ತುವ ಜೇಡಿಮಣ್ಣಿನಂಥ ಕ್ಲೇ ಬಾರ್, ಎರಡು ಬಗೆಯ ಪಾಲಿಶ್, ಹತ್ತು ಹನ್ನೆರಡು ಮೈಕ್ರೊಫೈಬರ್ ಬಟ್ಟೆ ಇಷ್ಟನ್ನೂ ಕೊಂಡರೆ ಹುಬ್ಬಳ್ಳಿಯವರು ಹೇಳಿದ ಮೊತ್ತದ ಹತ್ತಿರ ಹತ್ತಿರವೇ ಬರುತ್ತದೆ. ಒಂದೇ ಕಾರು, ಒಂದೇ ಸಲ ಎಂದಾದರೆ ಉಳಿತಾಯ ಸೊನ್ನೆ. ಕಾರಿನ ಕೆಲಸದಲ್ಲಿ ಅವನಿಗೆ ನಿಜವಾದ ಆಸಕ್ತಿಯಿದ್ದು, ಬಂಧುಗಳ ನಾಲ್ಕು ಕಾರುಗಳೂ ಕೈಗೆ ಸಿಗುವಂತಿದ್ದರೆ ಆಗ ಯಂತ್ರ ತರಿಸುವುದಕ್ಕೆ ಅರ್ಥವಿದೆ. ಹಾಗಿದ್ದರೂ ಮೊದಲ ಪ್ರಯೋಗ ಗುಜರಿಯಿಂದ ತಂದ ಹಳೆಯ ಬಾನೆಟ್ಟಿನ ಮೇಲೆ ಆಗಲಿ. ಕೆಲಸ ನೆರಳಿನಲ್ಲಿ, ತಗಡು ತಣ್ಣಗಿರುವಾಗ ನಡೆಯಬೇಕು. ಬಿಸಿ ತಗಡಿನ ಮೇಲೆ ಪಾಲಿಶ್ ಕ್ಷಣದಲ್ಲಿ ಒಣಗಿ ಹಿಟ್ಟಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ತಮ್ಮ ಊರಿನಲ್ಲಿ ಶೆಡ್ ಇಲ್ಲದವರಿಗೆ ನವೆಂಬರಿನಿಂದ ಫೆಬ್ರವರಿಯ ಬೆಳಗುಗಳೇ ಸರಿಯಾದ ಕಾಲ. ಆಯುಧಪೂಜೆಯ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಪೂಜೆಯ ದಿನ ಒಂದು ತೊಳೆತ ಸಾಕು, ದೇವಿಗೆ ಸುತ್ತುಗೀರಿನ ಲೆಕ್ಕ ಇಲ್ಲ.

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಹಳ್ಳಿ, ಮನೆಯ ಪಕ್ಕದಲ್ಲೇ ಅಡಿಕೆ ತೋಟ. ಮಳೆಗಾಲದಲ್ಲಿ ಅಡಿಕೆ ಮರ ಹತ್ತುವ ಕೊನೆಗೌಡರು ಕೊಳೆಮದ್ದು ಹೊಡೆಯುವಾಗ ಅಂಗಳದಲ್ಲಿದ್ದ ನಮ್ಮ ಬಿಳಿ ಕಾರಿನ ಮೇಲೆಲ್ಲ ಹನಿ ಬಿದ್ದು ನೀಲಿ-ಬಿಳಿ ಕಲೆಗಳಾಗಿವೆ. ತೊಳೆದರೂ ಹೋಗುತ್ತಿಲ್ಲ. ಹಲಸಿನ ಮೇಣವೂ ಒಂದೆರಡು ಕಡೆ ಅಂಟಿದೆ. ಪೇಟೆಯಲ್ಲಿ ಮಷೀನ್ ಪಾಲಿಶ್ ಮಾಡಿಸಲೇಬೇಕು ಎನ್ನುತ್ತಾರೆ. ಮನೆಯಲ್ಲೇ ಏನಾದರೂ ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು, ಮತ್ತು ತಮ್ಮ ವಿಷಯದಲ್ಲಿ ಮನೆಯಲ್ಲಿ ಮಾಡುವುದೇ ಸರಿ. ಕೊಳೆಮದ್ದು, ಅಂದರೆ ಬೋರ್ಡೋ ದ್ರಾವಣ, ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಮಳೆಗೆ ಜಗ್ಗದೆ ಅಡಿಕೆಯ ಕೊನೆಗೆ ಅಂಟಿಕೊಂಡಿರಲಿ ಎಂದೇ ಅದನ್ನು ಹೊಡೆಸುತ್ತೇವೆ, ಹಾಗಾಗಿ ಕಾರಿಗೂ ಅದು ಅಷ್ಟೇ ನಿಷ್ಠೆಯಿಂದ ಅಂಟಿಕೊಂಡರೆ ಆಶ್ಚರ್ಯವಿಲ್ಲ. ಆ ಕಲೆ ಬಣ್ಣದ ಮೇಲೆ ಕೂತಿರುವ ಪದಾರ್ಥವೇ ಹೊರತು ಬಣ್ಣಕ್ಕೆ ಆದ ಗೀರಲ್ಲ. ಮೇಲೆ ಕೂತದ್ದನ್ನು ತೆಗೆಯಲು ಕ್ಲಿಯರ್ ಕೋಟನ್ನು ಕೆರೆಯುವ ಅಗತ್ಯವೇ ಇಲ್ಲ.

ಸುಣ್ಣ ಸೌಮ್ಯ ಆಮ್ಲಕ್ಕೆ ಕರಗುತ್ತದೆ. ಅಡುಗೆಗೆ ಬಳಸುವ ಬಿಳಿಯ ವಿನೆಗರಿಗೆ ಅಷ್ಟೇ ಪ್ರಮಾಣದ ನೀರು ಬೆರೆಸಿ, ಮೆತ್ತನೆಯ ಬಟ್ಟೆಯನ್ನು ಅದರಲ್ಲಿ ಅದ್ದಿ, ಕಲೆಯ ಮೇಲೆ ಒಂದೆರಡು ನಿಮಿಷ ಹಾಸಿಡಿ; ತಿಕ್ಕಬೇಡಿ, ಒಣಗಲೂ ಬಿಡಬೇಡಿ. ನಂತರ ಧಾರಾಳವಾಗಿ ನೀರು ಹೊಯ್ದು, ಕಾರಿನ ಶಾಂಪೂ ಹಾಕಿ ತೊಳೆಯಿರಿ. ಮೊದಲ ಸಲಕ್ಕೆ ಅರ್ಧ ಹೋದೀತು, ಮತ್ತೊಮ್ಮೆ ಮಾಡಿ. ಬಿಸಿಲಿನಲ್ಲಿ ಮಾಡಬಾರದು, ಬಣ್ಣ ಕಿತ್ತು ತಗಡು ಕಾಣುವ ಜಾಗಕ್ಕೂ ಹೊಳೆಯುವ ಕ್ರೋಮ್ ಪಟ್ಟಿಗೂ ವಿನೆಗರ್ ತಾಗಿಸಬಾರದು. ವಿನೆಗರ್ ಇಲ್ಲವೆಂದು ನಿಂಬೆಹಣ್ಣಿನ ಹೋಳನ್ನೇ ಉಜ್ಜುವವರನ್ನು ಕಂಡಿದ್ದೇನೆ. ಅದು ಹದ ತಿಳಿಯದ ಹುಳಿ, ಬೇಡ. ಹಲಸಿನ ಮೇಣಕ್ಕೆ ತಾವು ಹಲಸಿನಕಾಯಿ ಕೊಚ್ಚಿದ ಕೈಗೆ ಏನು ಹಚ್ಚಿಕೊಳ್ಳುತ್ತೀರೋ ಅದೇ: ಕೊಬ್ಬರಿ ಎಣ್ಣೆ. ಹಚ್ಚಿ ಹತ್ತು ನಿಮಿಷ ಬಿಟ್ಟರೆ ಮೇಣ ಮೆತ್ತಗಾಗಿ ಬಟ್ಟೆಗೆ ಬರುತ್ತದೆ, ಆಮೇಲೆ ಶಾಂಪೂವಿನಿಂದ ಎಣ್ಣೆ ತೆಗೆಯಬೇಕು. ಕೆರೆಯಲು ಪೀಶಕತ್ತಿಯ ತುದಿ ಬಳಸುವ ಯೋಚನೆ ಯಾರಿಗಾದರೂ ಬಂದರೆ ತಡೆಯಿರಿ.

ಇಷ್ಟರ ಮೇಲೂ ಕೈಯಾಡಿಸಿದಾಗ ಒರಟು ತಾಗಿದರೆ ಕ್ಲೇ ಬಾರನ್ನು ಸಾಬೂನು ನೀರಿನೊಂದಿಗೆ ಹಗುರವಾಗಿ ಜಾರಿಸಿ, ಕೊನೆಗೆ ಕೈಯಿಂದಲೇ ಸ್ವಲ್ಪ ಪಾಲಿಶ್ ಹಚ್ಚಬಹುದು. ಬಿಳಿ ಕಾರಿನಲ್ಲಿ ಸುತ್ತುಗೀರುಗಳು ಕಡುನೀಲಿಯ ಮೇಲೆ ಕಂಡಂತೆ ಕಾಣುವುದೂ ಇಲ್ಲ, ಆದ್ದರಿಂದ ಯಂತ್ರ ಹಾಕಿಸಿ ತಮಗೆ ಸಿಗುವ ಲಾಭ ಅಷ್ಟಕ್ಕಷ್ಟೆ. ಮುಂದಿನ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ ಒಂದು ಸಲ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿಡಿ, ಹನಿ ಬಿದ್ದರೂ ಅಂಟುವುದು ಕಡಿಮೆಯಾಗುತ್ತದೆ. ಮದ್ದು ಹೊಡೆಯುವ ದಿನ ಕಾರಿನ ಮೇಲೆ ಹಳೆಯ ಸೀರೆ ಮುಚ್ಚುವುದು ಇನ್ನೂ ಸುಲಭ. ಸೀರೆ ಹಾಸುವ ಮುನ್ನ ಧೂಳನ್ನು ನೀರಿನಿಂದ ಇಳಿಸಿರಬೇಕು, ಇಲ್ಲದಿದ್ದರೆ ಗಾಳಿಗೆ ಸೀರೆ ಆಡಿದಷ್ಟೂ ಗೀರು.

ಪ್ರಶ್ನೆ: ಕುಮಟೆಯಲ್ಲಿ ಕಡಲಿಗೆ ಹತ್ತಿರದ ಮನೆ ನಮ್ಮದು. ಕಾರಿನ ಹಿಂಚಕ್ರದ ಮೇಲ್ಭಾಗದಲ್ಲಿ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿದೆ. ಪಾಲಿಶ್ ಮಾಡಿ ಸೆರಾಮಿಕ್ ಕೋಟಿಂಗ್ ಹಾಕಿಸಿದರೆ ಸರಿಹೋದೀತೇ?

ಉತ್ತರ: ಇಲ್ಲ. ಗುಳ್ಳೆಯ ಅಡಿಯಲ್ಲಿ ಇರುವುದು ತುಕ್ಕು. ಪಾಲಿಶ್ ಅದರ ಮೇಲಿನ ಪೊರೆಯನ್ನು ಹರಿದು ಉಪ್ಪುಗಾಳಿಗೆ ಬಾಗಿಲು ತೆರೆಯುತ್ತದೆ, ಸೆರಾಮಿಕ್ ಕೋಟಿಂಗ್ ಎಂಬ ಗಟ್ಟಿ ಪಾರದರ್ಶಕ ಲೇಪ ಅದನ್ನು ಇದ್ದ ಹಾಗೆಯೇ ಒಳಗೆ ಮುಚ್ಚುತ್ತದೆ. ಇದು ಮನೆಯಂಗಳದ ಕೆಲಸವೂ ಅಲ್ಲ, ಡೀಟೇಲಿಂಗ್ ಅಂಗಡಿಯದೂ ಅಲ್ಲ; ಟಿಂಕರಿಂಗ್-ಪೇಂಟಿಂಗ್ ಮಾಡುವವರು ತುಕ್ಕನ್ನು ತಗಡು ಕಾಣುವವರೆಗೆ ತೆಗೆದು, ಪ್ರೈಮರಿನಿಂದ ಹಿಡಿದು ಹೊಸದಾಗಿ ಬಣ್ಣ ಕಟ್ಟಬೇಕು. ತಡಮಾಡಿದರೆ ತಗಡೇ ತೂತಾಗುತ್ತದೆ. ಅವರು ಕೆಲಸ ಮುಗಿಸಿದ ಮೇಲೆ ಚಕ್ರದ ಗೂಡಿನ ಒಳಭಾಗಕ್ಕೆ ವಾರಕ್ಕೊಮ್ಮೆ ಸಿಹಿನೀರು ಹೊಡೆಯಿರಿ; ಬಾಗಿಲುಗಳ ತಳದಲ್ಲಿ ನೀರು ಬಸಿಯಲೆಂದು ಬಿಟ್ಟಿರುವ ಸಣ್ಣ ರಂಧ್ರಗಳು ಕೆಸರು ತುಂಬಿ ಮುಚ್ಚಿಹೋಗಿದ್ದರೆ ತೆಂಗಿನ ಹಿಡಿಕಡ್ಡಿಯಿಂದ ಚುಚ್ಚಿ ಬಿಡಿಸಿ, ಇಲ್ಲವಾದರೆ ಮುಂದಿನ ಗುಳ್ಳೆ ಅಲ್ಲಿಂದಲೇ ಏಳುತ್ತದೆ.